ಔಷಧಿಗಲ್ಲ, ಕುಡಿಯಲಿಕ್ಕೆ

…ಅಥವಾ ಬಾಟಲಿಗೆ ಕಾಗದ ಸುತ್ತಿದ್ದೇ ಇರಬಹುದು. ಅಕ್ಕ ಹಾಗೆಂದೇ ಹೇಳುತ್ತಾಳೆ: ಹಳೆಯ ಪೇಪರು, ಮೇಲೊಂದು ಸೆಣಬಿನ ದಾರ. ನನ್ನ ನೆನಪಿನಲ್ಲಿ ಕಾಗದವೇ ಇಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಮಟಮಟ ಮಧ್ಯಾಹ್ನ, ಕೆಂಪು ತುಂಬಿದ ಬಾಟಲಿಯ ಕತ್ತು ಹಿಡಿದು ಒಬ್ಬ ಹೆಂಗಸು ನಿಂತಿದ್ದಾಳೆ. ಅವಳು ನಾನು. ಆದರೆ ನನ್ನನ್ನು ನಾನೇ ಹೊರಗಿನಿಂದ ನೋಡಿದ್ದು ಹೇಗೆ? ನೆನಪಿನಲ್ಲಿ ನಮ್ಮ ಮುಖ ನಮಗೇ ಕಂಡರೆ ಅದು ನೆನಪಲ್ಲ, ಆಮೇಲೆ ಯಾರೋ ಹೇಳಿದ್ದು. ನಾನೇ ನನಗೆ ಹೇಳಿಕೊಂಡದ್ದೂ ಆಗಿರಬಹುದು.

ಕಾಗದದ ವಿಷಯ ಅಕ್ಕನಿಗೇ ಇರಲಿ. ಅವಳ ಕತೆಯ ಇನ್ನೊಂದು ತುಂಡನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಮದುವೆಮನೆಗಳಲ್ಲಿ, ನೆಂಟರ ನಡುವೆ, ಮಾತು ಹೇಗೋ ಅಲ್ಲಿಗೆ ಬಂದಾಗಲೆಲ್ಲ ಅವಳು ಹೇಳುತ್ತಾಳೆ: "ಪಾಪ, ನನ್ನ ಬಾಣಂತನಕ್ಕೆ ಅಂತ, ಔಷಧಿಗೆ ತಂದಿದ್ಲು. ಜನ ಎಂತೆಂಥದೋ ಮಾತಾಡಿದ್ರು." ಕತೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಕೇಳಿದವರು ಯಾರೂ ಇನ್ನೊಂದು ಪ್ರಶ್ನೆ ಹಾಕುವುದಿಲ್ಲ. ಆ ವರ್ಷ ಅಕ್ಕ ಬಾಣಂತಿಯಾಗಿದ್ದು ನಿಜ. ನಾನು ವೈನು ತಂದದ್ದು ನಿಜ. ಎರಡಕ್ಕೂ ಸಂಬಂಧವಿಲ್ಲ. ನಾನು ತಂದದ್ದು ಕುಡಿಯಲಿಕ್ಕೆ. ಒಮ್ಮೆ ಕುಡಿದಿದ್ದೆ, ರುಚಿ ಹಿಡಿಸಿತ್ತು, ಅದಕ್ಕೆ.

ಎಪ್ಪತ್ತರ ದಶಕದ ಕೊನೆಯಿರಬೇಕು, ಎಂಬತ್ತು ಆಗಲೇ ಕಾಲಿಟ್ಟಿತ್ತೋ ಏನೋ. ನಾನು ಟೈಪಿಂಗ್ ಕಲಿಸುತ್ತಿದ್ದೆ. ಇನ್‌ಸ್ಟಿಟ್ಯೂಟ್ ಇದ್ದದ್ದು ಸಾಗರದಲ್ಲಿ. ಅದರ ಯಜಮಾನರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೊಸನಗರದಲ್ಲೂ ತೀರ್ಥಹಳ್ಳಿಯಲ್ಲೂ ಒಂದೊಂದು ಕೋಣೆ ಹಿಡಿದು ಹಳೆಯ ಮಶಿನ್ನುಗಳನ್ನು ಇಟ್ಟಿದ್ದರು. ಮೂರೂ ಊರಿಗೆ ನಾನೊಬ್ಬಳೇ. ವಾರವಿಡೀ ಬಸ್ಸಿನಲ್ಲಿ. ಟೈಪಿಂಗ್ ಕಲಿಸುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಬರೆದದ್ದನ್ನು ಬರೆದ ಹಾಗೆಯೇ ಓದುವುದು. ಅಕ್ಷರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ರಗಳೆ ಶುರುವಾದದ್ದು ಅಲ್ಲಿಂದ.

ಸಾಗರದಲ್ಲಿ ನಾನು ಬಾಡಿಗೆಗಿದ್ದದ್ದು ಒಬ್ಬ ಮುದುಕಿಯ ಮನೆಯ ಮುಂಭಾಗದ ಕೋಣೆಯಲ್ಲಿ. ಗಂಡ ತೀರಿಕೊಂಡ ಕ್ರೈಸ್ತರಾಕೆ, ಬೀದಿಗೆಲ್ಲ ಬಾಯಮ್ಮ. ಕ್ರಿಸ್‌ಮಸ್ಸಿಗೆ ಮೊದಲು ದೊಡ್ಡ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಒಂದು ಮುಷ್ಟಿ ಗೋಧಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರು. ಹಬ್ಬದ ದಿನ ನನಗೂ ಒಂದು ಪುಟ್ಟ ಗ್ಲಾಸು. ನಾನು ಗ್ಲಾಸನ್ನು ಮತ್ತೆ ಮುಂದೆ ಹಿಡಿದೆ.

"ಇನ್ನು ಬರುವ ವರ್ಷ," ಎಂದರು ಬಾಯಮ್ಮ. "ಅಷ್ಟು ಆಸೆಯಿದ್ರೆ ಪೇಟೆಲಿ ತಕೋ. ಅಂಗಡಿ ಉಂಟಲ್ಲ, ಬೋರ್ಡು ಹಾಕಿ ಕೂತಿದಾರೆ."

ಬೋರ್ಡು ಇತ್ತು. ಹಸಿರು ಹಲಗೆಯ ಮೇಲೆ ಹಳದಿಯಲ್ಲಿ 'ವೈನ್ಸ್'. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಒಂದು ಸಂಜೆ ಮೆಟ್ಟಿಲು ಹತ್ತಿದೆ. ಗಲ್ಲೆಯಲ್ಲಿದ್ದವನು ಎದ್ದು ನಿಂತ.

"ಅಮ್ಮಾ, ಮೆಡಿಕಲ್ ಸ್ಟೋರು ಪಕ್ಕದ್ದು."

"ಬೋರ್ಡು ನೋಡ್ಕೊಂಡೇ ಬಂದೆ. ವೈನ್ ಕೊಡಿ."

"ವೈನಾ? ಬ್ರಾಂದಿ ಐತೆ, ವಿಸ್ಕಿ ಐತೆ, ರಮ್ಮೈತೆ. ವೈನ್ ಯಾರು ಕೇಳ್ತಾರಮ್ಮ?"

"ನಾನು ಕೇಳ್ತಿದೀನಿ."

"ಯಾರಿಗೆ?"

"ನನಗೆ."

ಅವನು ನನ್ನ ಹೆಗಲಾಚೆ ಬೀದಿಯತ್ತ ಇಣುಕಿದ. ನನ್ನ ಹಿಂದೆ ಯಾರಾದರೂ ಗಂಡಸರು ನಿಂತಿರಬೇಕು ಎಂದು ಅವನಿಗೆ ಖಾತ್ರಿಯಿತ್ತು. ಯಾರೂ ಇರಲಿಲ್ಲ. ಕೊನೆಗೆ ಸ್ಟೂಲು ಹತ್ತಿ ಅಟ್ಟದ ಮೂಲೆಯಿಂದ ಧೂಳು ಮೆತ್ತಿದ ಒಂದು ಪೋರ್ಟ್ ವೈನ್ ಬಾಟಲಿ ಇಳಿಸಿದ. ಬೆಲೆ ಕೇಳಿ ನನ್ನ ಕಾಲು ಹಿಂದೆ ಸರಿಯಿತು. ಅಷ್ಟು ದುಡ್ಡಿಗೆ ಒಂದು ಕಾಟನ್ ಸೀರೆ ಬರುತ್ತಿತ್ತು. ಚೌಕಾಸಿಗೆ ಅವನು ಬಗ್ಗಲಿಲ್ಲ. ಆದರೆ ಕೇಳದೆಯೇ ಹೇಳಿದ: "ಎಷ್ಟು ವರ್ಷದ್ದೋ ನಂಗೂ ಗೊತ್ತಿಲ್ಲ. ನಾನು ಅಂಗಡಿ ತಗಳೋವಾಗ್ಲೇ ಅದು ಅಲ್ಲಿತ್ತು." ಮೂರು ಊರಿನ ಅಂಗಡಿಯವರಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ. ಅವನ ನಿಜದಿಂದ ಬಾಟಲಿಯೊಳಗಿನ ಹುಳಿ ಮಾತ್ರ ಕಡಿಮೆಯಾಗಲಿಲ್ಲ. ಬಾಯಮ್ಮ ಒಂದು ಹನಿ ನಾಲಿಗೆಗೆ ಹಚ್ಚಿ, "ಇದು ಹಂದಿಮಾಂಸಕ್ಕೆ ಆಗ್ತದೆ" ಎಂದು ಅಡುಗೆಮನೆಗೆ ತೆಗೆದುಕೊಂಡು ಹೋದರು. ಆ ಭಾನುವಾರ ಮಾಂಸ ಚೆನ್ನಾಗಿತ್ತಂತೆ.

ಅಲ್ಲಿಗೆ ಬಿಡಬಹುದಿತ್ತು. ಹಟ ಹಿಡಿಯಿತು. ಮೂರು ಊರಿಗೆ ಹೇಗೂ ಹೋಗುತ್ತೇನೆ, ಮೂರೂ ಕಡೆ ನೋಡಿಯೇಬಿಡೋಣ. ಬಾಯಮ್ಮನೂ ಹುರುಪಿಗೆ ಬಂದರು. ರುಚಿ ನೋಡುವುದು ಹೇಗೆಂದು ಹೇಳಿಕೊಟ್ಟರು. ಅವರ ಪಾಠ ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. "ಮೊದ್ಲು ಬಾಯಿ ತೊಳಕೊಂಡು ಬಾ. ಎಲೆಯಡಿಕೆ ಕವಳ ಹಾಕಿದ ಬಾಯಿಗೆ ಎಂತ ಗೊತ್ತಾಗ್ತದೆ? ಹಾಂ, ಈಗ ನುಂಗಬೇಡ, ಇಟ್ಕೋ. ಮೊದಲು ಸಕ್ಕರೆ ಮಾತಾಡ್ತದೆ. ಬಾಯ್ಮುಚ್ಚು ಅನ್ನು ಅದಕ್ಕೆ. ಆಮೇಲೆ ದ್ರಾಕ್ಷಿ ಮಾತಾಡಿದ್ರೆ ಒಳ್ಳೇದು. ಯಾರೂ ಮಾತಾಡದಿದ್ರೆ ಬಣ್ಣದ ನೀರು."

ಹೊಸನಗರದ ಅಂಗಡಿಯಲ್ಲಿ ಬೆಲೆ ಸಾಗರದ ಅರ್ಧ. ಅಂಗಡಿಯವನಿಗೆ ನಾನು ಯಾರೆಂದು ಗೊತ್ತಿತ್ತು.

"ಫಾರಿನ್ ಮಾಲು ಅಕ್ಕೋರೆ. ಗೋವಾದಿಂದ ಬಂದಿದ್ದು."

"ಗೋವಾ ಫಾರಿನ್ನಾ?"

"ಘಟ್ಟ ಇಳಿದ್ರೆ ಎಲ್ಲ ಫಾರಿನ್ನೇ ನಮಗೆ. ಇನ್ನೊಂದ್ಸಲ ಬರೋವಾಗ ಹಿಂದಿನ ಬಾಗ್ಲಿಗೆ ಬನ್ನಿ, ಮರ್ಯಾದಸ್ಥರು ಅಲ್ಲೇ ಬರೋದು."

ಆ ಬಾಟಲಿಯಲ್ಲಿ ಯಾರೂ ಮಾತಾಡಲಿಲ್ಲ. ನಾಲಿಗೆ ಮಾತ್ರ ಕವಳ ಹಾಕಿದವರ ನಾಲಿಗೆಯಂತೆ ಕೆಂಪಾಯಿತು, ಮರುದಿನ ಕ್ಲಾಸಿಗೆ ಹೋಗುವವರೆಗೂ ಬಿಡಲಿಲ್ಲ. ಮುಂದಿನ ವಾರ ಉಳಿದ ಬಾಟಲಿ ತೆಗೆದುಕೊಂಡು ಅವನ ಮುಂಬಾಗಿಲಿಗೇ ಹೋದೆ. ಇದು ವೈನಲ್ಲ ಎಂದೆ. ಅಲ್ಲಿ ನಾಲ್ಕೈದು ಜನ ಇದ್ದರು. ಅವನು ದನಿ ಎತ್ತರಿಸಿ, ನಗುತ್ತ ಕೇಳಿದ: "ಹೌದಾ ಅಕ್ಕೋರೆ? ಕುಡಿದು ನೋಡಿದವ್ರು ಯಾರು?"

ಆಗ ಅವನ ವ್ಯಾಪಾರದ ಗುಟ್ಟು ನನಗೆ ಹೊಳೆಯಿತು. ಬಣ್ಣದ ನೀರು ಮಾರಲು ಅವನಿಗೆ ಧೈರ್ಯ ಕೊಟ್ಟದ್ದು ಕೊಳ್ಳುವವರ ನಾಚಿಕೆ. ಹಿಂದಿನ ಬಾಗಿಲಿನಿಂದ ಬಂದವರು ಮುಂದಿನ ಬಾಗಿಲಲ್ಲಿ ನಿಂತು ಮೋಸವಾಯಿತೆಂದು ಹೇಳಲಾರರು. ಬಾಣಂತಿಗೆಂದು, ಮುದುಕರಿಗೆಂದು, ಶೀತಕ್ಕೆಂದು ಒಯ್ದವರು ರುಚಿಯ ಮಾತನ್ನೇ ಎತ್ತುವಂತಿಲ್ಲ, ಔಷಧಿಗೆಲ್ಲಿಯ ರುಚಿ?

"ನಾನೇ ಕುಡಿದಿದ್ದು," ಎಂದೆ. "ಚೆನ್ನಾಗಿಲ್ಲ."

ಅವನ ನಗು ನಿಂತಿತೆಂದು ಬರೆಯಲು ಕೈ ತುಡಿಯುತ್ತದೆ. ನಿಜವಾಗಿ ನಿಂತಿತೋ ಇಲ್ಲವೋ ಗೊತ್ತಿಲ್ಲ, ನಾನು ನೋಡಲಿಲ್ಲ. ಬಾಟಲಿ ಅವನ ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದೆ.

ತೀರ್ಥಹಳ್ಳಿಯ ಅಂಗಡಿಯವನು ಕರಾವಳಿಯ ಕಡೆಯವನು, ಮಾತುಗಾರ. ಬೆಲೆ ಉಳಿದೆರಡರ ನಡುವೆ. ಅವನು ಬೇರಾರೂ ಮಾಡದ ಒಂದು ಕೆಲಸ ಮಾಡಿದ. "ಸುಮ್ಮನೆ ತಕೊಂಡು ಹೋಗ್ಬೇಡಿ ಮಾರಾಯ್ರೆ, ಸ್ವಲ್ಪ ನೋಡಿ" ಎಂದು ಕೆಳಗಿನಿಂದ ತೆರೆದ ಬಾಟಲಿಯೊಂದನ್ನು ತೆಗೆದು ಸ್ಟೀಲ್ ಲೋಟಕ್ಕೆ ಎರಡು ಗುಟುಕು ಹಾಕಿದ. ಕಟ್ಟೆಯ ಮುಂದೆ ನಿಂತೇ ಬಾಯಿಗೆ ಹಾಕಿ ಹಿಡಿದೆ. ಸಕ್ಕರೆ ಮಾತಾಡಿತು. ಬಾಯ್ಮುಚ್ಚು ಅಂದೆ. ಆಮೇಲೆ, ಹೌದು, ದ್ರಾಕ್ಷಿ.

"ಹೇಗುಂಟು?"

"ಚೆನ್ನಾಗಿದೆ. ಕೊಡಿ."

ಅವನು ಕಪಾಟಿನಿಂದ ಸೀಲು ಹಾಕಿದ ಬೇರೊಂದು ಬಾಟಲಿ ತೆಗೆದ. ಮೇಲೆ ಅಂಟಿಸಿದ ಚೀಟಿ ಅದೇ, ಒಳಗಿನ ಬಣ್ಣ ಬೇರೆ.

"ಅದಲ್ಲ. ನಾನು ರುಚಿ ನೋಡಿದ್ದು ಕೊಡಿ."

"ಅದು ತೆರೆದದ್ದು ಮಾರಾಯ್ರೆ. ಇದು ಸೀಲಿದ್ದು. ಯಾರಾದ್ರೂ ತೆರೆದದ್ದು ತಕೊಳ್ತಾರಾ?"

"ನಾನು ತಗೋತೀನಿ. ಇಲ್ಲಾಂದ್ರೆ ಇದನ್ನೂ ತೆರೀರಿ, ಇದರದ್ದೂ ಎರಡು ಗುಟುಕು ಹಾಕಿ."

ಜಗಳವಾಯಿತು. ಜನ ಸೇರಿದರು. ನನ್ನ ಕೈಯಲ್ಲಿ ಲೋಟ ಇನ್ನೂ ಇತ್ತು. ಕೊನೆಗೆ ತೆರೆದ ಬಾಟಲಿಯನ್ನೇ ಕೊಟ್ಟ, ಪೂರ್ತಿ ಬೆಲೆ ಹಿಡಿದು. ನಾನು ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಯಾರೋ ಒಬ್ಬ ಚತುರ ಮಾತು ಕಟ್ಟಿಯಾಗಿತ್ತು: "ಟೈಪಿಂಗ್ ಕ್ಲಾಸ್ ಮೇಡಮ್ಮು ಟೇಸ್ಟಿಂಗ್ ಕ್ಲಾಸಿಗೆ ಸೇರಿದಾರಂತಲ್ಲೋ!" ಮಾತು ಚೆನ್ನಾಗಿತ್ತು, ಅದಕ್ಕೇ ಓಡಿತು. ನನಗಿಂತ ಮುಂಚೆ ಹೊಸನಗರ ತಲುಪಿತು. ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಆಚೆ ದಡದ ತುಮರಿಗೂ ಹೋಯಿತೆಂದು ಅಲ್ಲಿಂದ ಕ್ಲಾಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಆಮೇಲೆ ಹೇಳಿದಳು.

ಯಜಮಾನರು ಕರೆಸಿದರು. ಕೆಟ್ಟವರಲ್ಲ. ಎದುರಿನ ಕುರ್ಚಿ ತೋರಿಸಿದರು, ಕಾಫಿ ತರಿಸಿದರು.

"ನೋಡಮ್ಮ, ತೀರ್ಥಹಳ್ಳಿಯಿಂದ ಹುಡುಗೀರ ಅಪ್ಪಂದಿರು ಇಬ್ರು ಬಂದಿದ್ರು. ಕ್ಲಾಸ್ ಬಿಡಿಸ್ತೀವಿ ಅಂತಾರೆ. ಏನಿಲ್ಲ, ಅಕ್ಕನ ಬಾಣಂತನ, ಡಾಕ್ಟ್ರು ಹೇಳಿದ್ರು, ಔಷಧಿಗೆ ತಂದಿದ್ದು ಅಂತ ನಾನೇ ಅವರಿಗೆ ಹೇಳ್ತೀನಿ. ನೀನು ಅಲ್ಲ ಅನ್ನದಿದ್ರೆ ಸಾಕು."

"ಅಲ್ಲ ಸಾರ್. ಔಷಧಿಗಲ್ಲ."

"ಮತ್ತೆ?"

"ಕುಡಿಯೋಕೆ."

ಕನ್ನಡಕ ತೆಗೆದು ಒರೆಸಿದರು. "ನಾನು ಸುಳ್ಳು ಹೇಳು ಅಂತಿಲ್ಲಮ್ಮ. ಒಂದು ಕಾರಣ ಕೊಡು ಅಂತಿದೀನಿ."

"ಕಾರಣ ಇದೆಯಲ್ಲ ಸಾರ್. ರುಚಿಯಾಗಿತ್ತು."

ಈ ಮಾತನ್ನು ಹೀಗೇ ಆಡಿದೆನೇ? ಇಷ್ಟು ಚೊಕ್ಕಟವಾಗಿ ಆಡಿರಲಾರೆ. ನಡುವೆ ತೊದಲಿರಬೇಕು. ಆದರೆ ಔಷಧಿಗಲ್ಲ ಎಂದದ್ದು ಖಂಡಿತ. ಯಾಕೆಂದರೆ ಅದರ ಬೆಲೆ ಅಲ್ಲೇ ತೆರಬೇಕಾಯಿತು: ತೀರ್ಥಹಳ್ಳಿಯ ಕೋಣೆಯ ಬೀಗದ ಕೈ ಮೇಜಿನ ಮೇಲಿಡು ಎಂದರು. ಇಟ್ಟೆ. ಆ ಶಾಖೆ ಹೋದರೆ ಸಂಬಳದ ದೊಡ್ಡ ಪಾಲು ಹೋಗುತ್ತಿತ್ತು, ಉಳಿದೆರಡೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಒಂದು ಶಬ್ದ ಒಪ್ಪಿಕೊಂಡಿದ್ದರೆ ಎಲ್ಲ ಉಳಿಯುತ್ತಿತ್ತು. ಮರ್ಯಾದೆಯಾಗಿ ಕುಡಿಯಬೇಕಾದರೆ ಹೆಂಗಸು ಕಾಯಿಲೆ ಬೀಳಬೇಕು, ಇಲ್ಲವೇ ಹೆರಬೇಕು ಎನ್ನುವುದನ್ನು ಒಪ್ಪಿಕೊಳ್ಳಲು ನಾನು ತಯಾರಿರಲಿಲ್ಲ. ಈಗಲೂ ಇಲ್ಲ.

ಮಾಮೂಲಿ ದಿನ ಮಾಮೂಲಿ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ಬಾಗಿಲಿಗೆ ಬೀಗ. ನಮ್ಮ ಕೋಣೆ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿತ್ತು, ಹತ್ತಲು ಹೊರಗಡೆಯಿಂದ ಮೆಟ್ಟಿಲು. ಅದರ ಮೇಲೆ ಕುಳಿತೆ. ಕೆಲವು ಹುಡುಗಿಯರು ಬಂದರು, ಕೆಲವರು ಬರಲಿಲ್ಲ. ಬಂದವರನ್ನು ಮೆಟ್ಟಿಲ ಮೇಲೆಯೇ ಕೂರಿಸಿ, ಮೊಣಕಾಲ ಮೇಲೆ ಬೆರಳಿಡಿ ಎಂದೆ. ಎ ಎಸ್ ಡಿ ಎಫ್. ಲಂಗದ ಮೇಲೆ ಬೆರಳುಗಳು ಓಡತೊಡಗಿದವು. ಕೆಳಗೆ ಬೀದಿಯಲ್ಲಿ ನಿಂತು ನೋಡಿದವರು ನೋಡಿದರು.

"ಮೇಡಂ," ಎಂದಳು ಒಬ್ಬಳು, "ಮೊಣಕಾಲಲ್ಲಿ ಬೆಲ್ ಹೊಡಿಯಲ್ಲ. ಲೈನ್ ಮುಗಿದಿದ್ದು ಹೆಂಗೆ ಗೊತ್ತಾಗೋದು?"

"ನಾನು ಟಿಣ್ ಅಂತೀನಿ."

ಟಿಣ್ ಅಂದೆ. ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಅವಳೇ, ಬೆರಳು ನಿಲ್ಲಿಸದೆ, ದನಿ ತಗ್ಗಿಸಿ ಕೇಳಿದಳು: "ಅದು ಹೆಂಗಿರುತ್ತೆ ಮೇಡಂ?"

"ಸ್ವಲ್ಪ ಹುಳಿ, ಸ್ವಲ್ಪ ಒಗರು."

"ನೇರಳೆ ಹಣ್ಣಿನ ತರನಾ?"

"ಹತ್ತಿರ ಹತ್ತಿರ."

"ಅಷ್ಟೇನಾ!" ಎಂದಳು ಇನ್ನೊಬ್ಬಳು, ಮೋಸ ಹೋದವಳಂತೆ.

ಹೀಗೆ ಮೆಟ್ಟಿಲ ಮೇಲೆ ಕೆಲವು ಸಲ ಕ್ಲಾಸು ನಡೆಯಿತು. ಆಮೇಲೆ ಒಂದು ದಿನ ಸಾಗರದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಟಿಕೆಟ್ಟಿನ ಜೊತೆ ಬೀಗದ ಕೈಯನ್ನೂ ನನ್ನ ಕೈಗಿಟ್ಟ. "ನಿಮ್ಮ ಯಜಮಾನ್ರು ಕೊಟ್ರು," ಎಂದ. ಚೀಟಿ ಇಲ್ಲ, ಮಾತಿಲ್ಲ. ಮುಂದೆ ಎಷ್ಟೋ ವರ್ಷ ಆ ಕೋಣೆಯಲ್ಲಿ ಕಲಿಸಿದೆ. ಯಜಮಾನರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯಾಕೆ ಕೊಟ್ಟರು? ಪರೀಕ್ಷೆ ಹತ್ತಿರವಿತ್ತು, ಬೇರೆ ಟೀಚರು ಸಿಕ್ಕಿರಲಿಲ್ಲ, ಅದಿರಬಹುದು. ಮೆಟ್ಟಿಲ ಮೇಲೆ ಕೂತ ಹುಡುಗಿಯರನ್ನು ನೋಡಿ ಅಪ್ಪಂದಿರೇ ಮುಜುಗರಪಟ್ಟಿರಬಹುದು. ಅಥವಾ ನಾನು ಅಲ್ಲ ಅಂದರೂ ಯಜಮಾನರು ಔಷಧಿಯ ಕತೆಯನ್ನು ತಾವೇ ಹೇಳಿ ಮುಗಿಸಿರಬಹುದು. ನನಗೆ ತಿಳಿಸದೆ ಅಕ್ಕನೇ ಅವರ ಹತ್ತಿರ ಹೋಗಿ ಹೇಳಿರಲೂಬಹುದು. ಹಾಗಾಗಿದ್ದರೆ ಕೆಲಸ ಉಳಿದದ್ದು ನನ್ನ ಹಟದಿಂದಲ್ಲ. ಯಜಮಾನರು ಈಗಿಲ್ಲ. ಅಕ್ಕ ಇದ್ದಾಳೆ, ಕೇಳಬಹುದು. ಕೇಳಿಲ್ಲ. ಆ ಬಾಗಿಲು ಯಾವ ಮಾತಿಗೆ ತೆರೆಯಿತು ಎನ್ನುವುದು ನನಗೆ ಗೊತ್ತಿಲ್ಲ.