ಚೆಂಡಿನ ಮೇಲಿನ ಎಣ್ಣೆಗುರುತು

ನಿಮಗೊಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಟೀವಿಯಲ್ಲಿ ಫುಟ್‌ಬಾಲ್ ನೋಡುವುದು ಗೋಲಿಗಾಗಿ ಅಲ್ಲ. ರೆಫ್ರಿ ಗಾಳಿಯಲ್ಲಿ ಬೆರಳಿನಿಂದ ಚೌಕ ಬರೆದು, ಮೈದಾನದ ಅಂಚಿನ ಪರದೆಯತ್ತ ಓಡುತ್ತಾನಲ್ಲ, ಆ ಗಳಿಗೆಗಾಗಿ. ಬಗ್ಗಿ ವಿಡಿಯೋ ನೋಡಿ, ತಿರುಗಿ ಬಂದು, ತನ್ನ ತೀರ್ಪನ್ನು ತಾನೇ ಅಳಿಸುತ್ತಾನೆ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಾನು ಬಬಲೇಶ್ವರದ ಶಾಲೆಯೊಂದರ ದೈಹಿಕ ಶಿಕ್ಷಕ. ಕೊರಳಲ್ಲಿ ಸೀಟಿ ಬಿದ್ದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮನೆಯಲ್ಲಿ ಒಂದು ಮಾತೂ ನಡೆಯದ ಮನುಷ್ಯನಿಗೆ, ಒಂದು ಊದಿಗೆ ಇಪ್ಪತ್ತೆರಡು ಜನ ನಿಂತುಬಿಡುವುದು ಸಣ್ಣ ಸುಖವಲ್ಲ.

ಎರಡು ವರ್ಷದ ಹಿಂದೆ, ದ್ರಾಕ್ಷಿ ಒಣಹಾಕುವ ದಿನಗಳಲ್ಲಿ, ತಿಕೋಟಾದಲ್ಲಿ ಪಂದ್ಯವಿತ್ತು. ನಾನೇ ರೆಫ್ರಿ. ಅಲ್ಲಿಯ ತಂಡದ ನಾಯಕ ಮಲ್ಲಪ್ಪ ಒಣದ್ರಾಕ್ಷಿ ಶೆಡ್ಡಿನ ಕೆಲಸದಿಂದ ನೇರ ಮೈದಾನಕ್ಕೆ ಬಂದಿದ್ದ. ಒಣಹಾಕುವ ಮುಂಚೆ ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಅವನ ಕೈಗೆ ಆ ಜಿಡ್ಡು ಇನ್ನೂ ಮೆತ್ತಿತ್ತು. ಕೊನೆಯ ನಿಮಿಷದಲ್ಲಿ ಅವನು ಗೋಲು ಹೊಡೆದ. ಎದುರಾಳಿಗಳು ಚೆಂಡಿಗೆ ಕೈ ತಾಗಿತೆಂದು ಕೂಗಿದರು. ನನಗೆ ಸರಿಯಾಗಿ ಕಂಡಿರಲಿಲ್ಲ. ಚೆಂಡು ತರಿಸಿ ನೋಡಿದೆ. ದೂಳಿನ ಮೇಲೆ ಐದು ಬೆರಳಿನ ಎಣ್ಣೆಗುರುತು! ಪತ್ತೇದಾರನ ಹಾಗೆ ಹಿಗ್ಗಿ ಗೋಲು ರದ್ದು ಮಾಡಿದೆ.

"ಎದಿಗಿ ಬಡದೈತ್ರಿ ಸರ. ಈಗ ಥ್ರೋ ಒಗದಿನಲ್ರಿ, ಅದರ ಗುರುತ್ರಿ ಅದು. ಚೆಂಡು ನೀವ ಕೈಯಾಗ ಕೊಟ್ರಿ" ಎಂದ ಮಲ್ಲಪ್ಪ.

ನಾನೇ ಕೊಟ್ಟಿದ್ದೆ. ನೆನಪೂ ಆಯಿತು. ಆದರೆ ಊದಿದ ಸೀಟಿಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆ? ಅವನು ಮತ್ತೂ ಬೇಡಿಕೊಂಡಾಗ ಕೆಂಪು ಕಾರ್ಡ್ ತೋರಿಸಿದೆ. ಅವನು ಮತ್ತೆಂದೂ ಆಡಲಿಲ್ಲ. ತಿಕೋಟಾದಲ್ಲಿ ಒಣದ್ರಾಕ್ಷಿಯನ್ನು ಒಳ್ಳೆಯದು ಕೆಟ್ಟದ್ದು ಎಂದು ಒಮ್ಮೆ ಯಂತ್ರ ಆರಿಸಿದರೆ, ಮತ್ತೊಮ್ಮೆ ಹೆಂಗಸರು ಕೈಯಲ್ಲಿ ಆರಿಸುತ್ತಾರೆ. ಒಂದು ಕಾಳಿಗೆ ಸಿಗುವ ಎರಡನೆಯ ನೋಟವನ್ನು ನಾನು ಒಬ್ಬ ಮನುಷ್ಯನಿಗೆ ಕೊಡಲಿಲ್ಲ.

ಕಳೆದ ತಿಂಗಳು ಎದೆನೋವಿನಿಂದ ಮಲ್ಲಪ್ಪ ಹೋಗಿಬಿಟ್ಟ. ಮಾತಾಡಿಸಿ ಬರಲು ಅವನ ಮನೆಗೆ ಹೋದೆ. ಅವನ ಹೆಂಡತಿ ಶಾಂತವ್ವ ಅವನ ಮೊಬೈಲನ್ನು ನನ್ನ ಕೈಗಿತ್ತಳು. ಯಾರೋ ಆ ಪಂದ್ಯದ ದಿನ ತೆಗೆದ ವಿಡಿಯೋ. ನಾನು ಚೆಂಡು ಕೊಡುತ್ತೇನೆ, ಅವನು ಥ್ರೋ ಎಸೆಯುತ್ತಾನೆ, ಜೊತೆಯ ಆಟಗಾರ ತಿರುಗಿಸಿ ಕೊಟ್ಟ ಚೆಂಡು ಅವನ ಎದೆಗೆ ಬಡಿದು ಕಾಲಿಗೆ ಇಳಿಯುತ್ತದೆ. ಕೈ ಎರಡೂ ಬೆನ್ನ ಹಿಂದೆ.

"ಮರುದಿನಾನ ಬಂದಿತ್ರಿ ಇದು. ಎಲ್ಲಾರಿಗೂ ತೋರ್ಸ್ರಿ ಅಂದೆ. 'ಸರ ನಾಳಿಗಿ ಮತ್ತ ಹುಡುಗೂರ ಮುಂದ ಸೀಟಿ ಊದಬೇಕಲ್ಲ, ಇರ್ಲಿ ಬಿಡು' ಅಂದ್ರು."

ನನಗೆ ತಲೆ ಎತ್ತಲಾಗಲಿಲ್ಲ. "ಗೋಲ್ ಆಗಿತ್ತವ್ವಾ. ತಪ್ಪು ನಂದು" ಎಂದೆ.

ಶಾಂತವ್ವ ಗೋಡೆಯ ಮೇಲಿದ್ದ ಗಂಡನ ಫೋಟೋದತ್ತ ತಿರುಗಿದಳು. "ಅವ್ರಿಗಿ ಕೇಳೂ ಹಂಗ ಹೇಳ್ರಿ ಸರ."

ಎದ್ದು ನಿಂತು ಹೇಳಿದೆ. ಕೊರಳಲ್ಲಿ ಸೀಟಿ ಇರಲಿಲ್ಲ. ದನಿಯಷ್ಟೇ ಇತ್ತು, ಅದೂ ಅರ್ಧ.