ನೋವಿಲ್ಲದ ಕಾಮಣಿ

ನಮ್ಮ ಡಾಕ್ಟರ ಹೆಬ್ಬೆರಳು ಬೇಸಗೆಯಲ್ಲೂ ತಣ್ಣಗಿರುತ್ತಿತ್ತು. ಕಣ್ಣಿನ ಕೆಳರೆಪ್ಪೆಯನ್ನು ಅದರಿಂದ ಎಳೆದು ನೋಡುವಾಗ ರೋಗಿ ಬೆಚ್ಚುತ್ತಿದ್ದ. ಕಾಮಣಿಯ, ಅಂದರೆ ಕಾಮಾಲೆಯ, ಹಳದಿಯನ್ನು ಅವರು ಟ್ಯೂಬ್‌ಲೈಟಿನಲ್ಲಿ ನಂಬುತ್ತಿರಲಿಲ್ಲ. ಹಾನಗಲ್ಲಿನ ತಮ್ಮ ದವಾಖಾನೆಯಿಂದ ರೋಗಿಯನ್ನು ರಸ್ತೆಗೆ ಕರೆತಂದು ಬಿಸಿಲಿಗೆ ನಿಲ್ಲಿಸುತ್ತಿದ್ದರು. "ಡಾಕ್ಟ್ರು ಇವತ್ತ ಯಾರನ್ನ ಒಣಗಾಕ್ಯಾರ?" ಎಂದು ಎದುರಿನ ಚಹಾದಂಗಡಿಯವರು ನಗುತ್ತಿದ್ದರು.

ಒಮ್ಮೆ ಹಾಗೆ ನಿಂತವಳು ನಮ್ಮವ್ವ. ಮಾಸೂರಿನ ನಾಟಿ ಔಷಧಿ ಕುಡಿದು, ಉಪ್ಪು, ಎಣ್ಣೆ ಬಿಟ್ಟು ಪಥ್ಯ ಮಾಡಿದರೂ ಹಳದಿ ಇಳಿದಿರಲಿಲ್ಲ. ಜ್ವರವಿಲ್ಲ, ಹೊಟ್ಟೆನೋವಿಲ್ಲ, ಮೈತುರಿಕೆಗೆ ಮಾತ್ರ ಮಿತಿಯಿಲ್ಲ. ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದಳು.

"ಅವ್ವಾ, ಹೊರಕಡಿ ಹೋದ್ರ ಬಣ್ಣ ಹೆಂಗಿರ್ತೈತಿ?" ಡಾಕ್ಟರು ರಸ್ತೆಯಲ್ಲೇ ಕೇಳಿದರು. ಸಂಕೋಚವೆಂಬುದು ಅವರಿಗೆ ಗೊತ್ತಿರಲಿಲ್ಲ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಸುಣ್ಣದಂಗ ಬೆಳ್ಳಗ್ರೀ" ಎಂದಳು.

"ನೋವಂತೂ ಇಲ್ಲಲ್ರಿ," ಎಂದ ಜೊತೆಗಿದ್ದ ಸೋದರಮಾವ.

"ಅದಕ್ಕ ನನಗ ಅಂಜಿಕಿ," ಎಂದರು ಡಾಕ್ಟರು.

ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಪಿತ್ತನಾಳ ಉಬ್ಬಿತ್ತು, ಕಲ್ಲಿರಲಿಲ್ಲ. ನಾವು ಹಿಗ್ಗಿದೆವು. ಕಲ್ಲಾದರೆ ನೋಯುತ್ತದೆ, ಕಲ್ಲೂ ನೋವೂ ಇಲ್ಲದೆ ನಾಳ ಕಟ್ಟಿದರೆ ಒಳಗೆ ಗಡ್ಡೆಯಿರಬಹುದು, ಅಪರೂಪದ ಕ್ಯಾನ್ಸರ್ ಇರಬಹುದು ಎಂದು ಡಾಕ್ಟರು ನಮ್ಮ ಹಿಗ್ಗಿಗೆ ನೀರೆರಚಿದರು. ಹುಬ್ಬಳ್ಳಿಯಲ್ಲಿ ಬಾಯಿಂದ ನಳಿಗೆ ಇಳಿಸಿ, ನಾಳದ ಒಳಮೈ ಕೆರೆದು ಪರೀಕ್ಷೆಗೆ ಕಳಿಸಿದರು. ಏನೂ ಸಿಗಲಿಲ್ಲ. ಮಾವ ಓಣಿಗೆಲ್ಲ ಸಕ್ಕರೆ ಹಂಚಿ, ಡಾಕ್ಟರಿಗೂ ಒಯ್ದ.

ಅವರು ಕೈ ಚಾಚಲಿಲ್ಲ. "ಸಿಗಲಿಲ್ಲ ಅಂದಾರ, ಇಲ್ಲ ಅಂದಿಲ್ಲ. ಇನ್ನೊಮ್ಮೆ ಮಾಡಸ್ರಿ."

"ನಮ್ಮಕ್ಕನ್ನ ಎಷ್ಟಂತ ಗೋಳು ಹೊಯ್ಕೋತೀರಿ?" ಮಾವ ರೇಗಿದ.

ಡಾಕ್ಟರು ಅವ್ವನ ಕಡೆ ತಿರುಗಿದರು. "ಮೈ ನಿಮ್ದು. ನೀವ ಹೇಳ್ರಿ."

"ಮಾಡಸ್ತೇನ್ರಿ. ಈ ತುರಿಕಿಗಿಂತ ಆ ನಳಿಗೀನ ಮೇಲು."

ಎರಡನೆಯ ಸಲ ಗಡ್ಡೆ ಸಿಕ್ಕಿತು. ಇನ್ನೂ ಹಬ್ಬಿರಲಿಲ್ಲ, ಕತ್ತರಿಸಿ ತೆಗೆಯಲು ಬಂತು. ಅವ್ವ ಬದುಕಿದಳು. ಮಾವ ಬಹಳ ದಿನ ದವಾಖಾನೆಯ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡಿದ.

ಕಳೆದ ವರ್ಷ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ಅವ್ವನಿಗಿಂತ ಚಿಕ್ಕವರು. ಅವರ ಋಣ ತೀರಿಸುವ ದಾರಿ ನನಗೆ ಈವರೆಗೂ ಕಂಡಿಲ್ಲ. ಮಣ್ಣು ಮಾಡಲು ಬಂದ ಜನ ತಮ್ಮ ಪಾಲಿನ ಮಣ್ಣು ಹಾಕಿ ಸರಿಯುವವರೆಗೂ ಕಾದು, ಅವ್ವ ನನ್ನ ಕೈ ಹಿಡಿದು ಕುಣಿಯ ಅಂಚಿಗೆ ನಡೆದಳು. ಬಗ್ಗಿ ಒಂದು ಹಿಡಿ ಮಣ್ಣು ಹಾಕಿದಳು.

"ನೀವು ನನಗ ಹಾಕಬೇಕಾಗಿದ್ದ ಮಣ್ಣರೀ ಇದು," ಎಂದಳು.