ಕ್ಯಾಬಿನ್ನಿನಲ್ಲಿ ಕಲಿತ ವರ್ಣ

ಇಪ್ಪತ್ತೆರಡು ವರ್ಷ ಹೆಂಡತಿಗೆ ತಿಳಿಯದಂತೆ ಒಂದು ಸುಳ್ಳನ್ನು ಇಟ್ಟುಕೊಂಡಿದ್ದೆ ಎಂದರೆ ನೀವು ಏನೇನೋ ಊಹಿಸಿಕೊಳ್ಳಬೇಡಿ. ಸುಳ್ಳು ಹೇಳಿದ್ದು ನಾನೂ ಅಲ್ಲ, ನನ್ನ ಅಮ್ಮ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟು ಮುಗಿದು ಕೇಸರಿಬಾತು ಶುರುವಾಗುವ ಹೊತ್ತಿಗೆ, "ನಮ್ಮ ಹುಡುಗ ಪಿಟೀಲು ನುಡಿಸ್ತಾನೆ" ಅಂದುಬಿಟ್ಟಳು. ನನ್ನ ಬಾಯಲ್ಲಿ ಕೇಸರಿಬಾತು ಇತ್ತು, ತಿದ್ದಲು ಆಗಲಿಲ್ಲ. ಆಮೇಲೆ ಬಾಯಿ ಖಾಲಿಯಾದ ಮೇಲೂ ತಿದ್ದಲಿಲ್ಲ ಎನ್ನುವುದು ಬೇರೆ ಮಾತು.

ನಿಜ ಏನೆಂದರೆ, ಹದಿಮೂರನೆಯ ವಯಸ್ಸಿನಲ್ಲಿ ಮೋಹನ ರಾಗದ ಒಂದು ವರ್ಣದವರೆಗೆ ಬಂದಿದ್ದೆ. ಅದರ ಕೊನೆಯ ಸ್ವರಗಳಲ್ಲಿ ದಿನಾ ಎಡವುತ್ತಿದ್ದೆ. ಒಂದು ಸಂಜೆ ಹೊರಗೆ ಹುಡುಗರು ಕ್ರಿಕೆಟ್ಟಿಗೆ ಕೂಗಿದರು, ಕಮಾನು ಕೆಳಗಿಟ್ಟು ಎದ್ದು ಹೋದೆ. ಪಿಟೀಲು ಮೇಷ್ಟ್ರು ತಡೆಯಲಿಲ್ಲ. "ಹೋಗಪ್ಪ, ಆ ಸ್ವರ ಎಲ್ಲೂ ಹೋಗಲ್ಲ, ಇಲ್ಲೇ ಕೂತಿರುತ್ತೆ" ಅಂದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮಾ ನುಡಿಸಿ ಎಂದು ಕೇಳುತ್ತಿದ್ದಳು, ಪಿಟೀಲು ಊರಲ್ಲಿದೆ ಎನ್ನುತ್ತಿದ್ದೆ. ದೋಹಾಕ್ಕೆ ಬಂದ ಮೇಲೆ ಊರು ಇನ್ನೂ ದೂರವಾಗಿ ಆ ನೆಪಕ್ಕೆ ಒಳ್ಳೆಯ ಬಲ ಬಂತು.

ವಿಶ್ವಕಪ್ಪಿನ ವರ್ಷದ ಮಾರ್ಚಿನಲ್ಲಿ ಅವಳು ನನ್ನನ್ನು ಒಂದು ಫ್ರೆಂಚ್ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಊರಿಗೆ ಊರೇ ಫುಟ್ಬಾಲ್ ಎನ್ನುತ್ತಿದ್ದಾಗ ನಾವಿಬ್ಬರು ಮುನ್ನೂರು ವರ್ಷದ ಹಿಂದಿನ, ಬರೋಕ್ ಕಾಲದ ಯುರೋಪಿನ ಸಂಗೀತಗಾರರನ್ನು ನೋಡಲು ಹೊರಟಿದ್ದು ನನಗೇ ನಗು ತರಿಸಿತ್ತು. ತೆರೆಯ ಮೇಲೆ ಒಬ್ಬ ಮುದುಕ. ನಮ್ಮ ಪಿಟೀಲಿನ ದೊಡ್ಡಣ್ಣನಂಥ ವಾದ್ಯವನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ನುಡಿಸುತ್ತಾನೆ. ದೊರೆ ಬಂಗಾರದ ಗಾಡಿ ಕಳಿಸಿದರೂ ಹೋಗುವುದಿಲ್ಲ. ತೋಟದಲ್ಲಿ ಪಾರಿವಾಳ ಸಾಕಲು ಕಟ್ಟಿ ಪಾಳುಬಿದ್ದಿದ್ದ ಗೂಡಿನಂಥ ಕೋಣೆಯೊಳಗೆ ಕೂತು, ಒಂದೇ ಒಂದು ರಾಗವನ್ನು ತನಗೆ ಒಪ್ಪುವ ತನಕ ತಿದ್ದುತ್ತಾನೆ. ಬರೋಕ್ ಎಂದರೆ ಮೂಲದಲ್ಲಿ ಸೊಟ್ಟ ಮುತ್ತು ಎಂದು ಎಲ್ಲೋ ಓದಿದ್ದೆ. ಈ ಊರಿನವರ ಅಜ್ಜಂದಿರು ಮೂಗಿಗೆ ಚಿಮಟ ಸಿಕ್ಕಿಸಿಕೊಂಡು ಮುತ್ತಿಗಾಗಿ ಸಮುದ್ರದಲ್ಲಿ ಮುಳುಗುತ್ತಿದ್ದವರು. ಸೊಟ್ಟ ಮುತ್ತು ಸಿಕ್ಕಾಗ ಅವರು ಏನು ಮಾಡುತ್ತಿದ್ದರೋ ಎಂದು ಯೋಚಿಸುತ್ತಿರುವಾಗಲೇ ಸುಮಾ ಪಿಸುಗುಟ್ಟಿದಳು: "ನೀವೂ ಹೀಗೇ ನುಡಿಸ್ತಿದ್ರಾ?"

"ಹೂಂ" ಅಂದೆ. ಅಮ್ಮನ ಸುಳ್ಳು ಆ ಕ್ಷಣಕ್ಕೆ ನನ್ನ ಸ್ವಂತದ್ದಾಯಿತು. ನಾಚಿಕೆಯಾಯಿತು. ಆ ವರ್ಣವನ್ನು ಕೊನೆಯವರೆಗೆ ಕಲಿತು ಇವಳ ಮುಂದೆ ನುಡಿಸಿಯೇ ತೀರುತ್ತೇನೆ, ಅಲ್ಲಿಯವರೆಗೆ ಇವಳಿಗೆ ಗೊತ್ತಾಗಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ತಮ್ಮನಿಗೆ ಹೇಳಿ, ಊರಿಂದ ಬರುತ್ತಿದ್ದ ಸಹೋದ್ಯೋಗಿಯ ಕೈಲಿ ಹಳೆಯ ಪಿಟೀಲು ತರಿಸಿದೆ. ಈಗ ಜಾಗ ಬೇಕಲ್ಲ? ನಾನು ದೋಹಾದ ಪಕ್ಕದ ಲುಸೈಲ್‌ನಲ್ಲಿ ಕಟ್ಟಡ ಕಟ್ಟುವ ಒಂದು ಸೈಟಿನಲ್ಲಿ ಡ್ರಾಯಿಂಗುಗಳ ಲೆಕ್ಕ ಇಡುವವನು. ಹಳೆಯ ಡ್ರಾಯಿಂಗುಗಳನ್ನು ತುಂಬಿದ್ದ ಒಂದು ಪೋರ್ಟಾ ಕ್ಯಾಬಿನ್ನಿನ, ಅಂದರೆ ಎತ್ತಿ ಸಾಗಿಸಬಹುದಾದ ತಗಡಿನ ಕೋಣೆಯ, ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಬೇಸಿಗೆಯಲ್ಲಿ ನಡುಹಗಲು ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ ಎಂಬುದು ಇಲ್ಲಿಯ ಕಾನೂನು. ಆ ಹೊತ್ತಿನಲ್ಲಿ ಕ್ರೇನು, ಡ್ರಿಲ್ಲು, ಸುತ್ತಿಗೆ ಎಲ್ಲಾ ಖಲಾಸ್. ಊಟದ ಒಂದು ಗಂಟೆ ನಾನು ಒಳಗಿನಿಂದ ಚಿಲಕ ಹಾಕಿ, ಡ್ರಾಯಿಂಗ್ ಕಟ್ಟುಗಳ ನಡುವೆ ಚಕ್ಕಳಮಟ್ಟೆ ಹಾಕಿ ಕೂರತೊಡಗಿದೆ. ಡಬ್ಬಿಯಲ್ಲಿ ಹುಳಿ, ಅನ್ನ ಹಾಗೇ ಉಳಿಯುತ್ತಿತ್ತು. ಸಂಜೆ ಸುಮಾ ಮುಚ್ಚಳ ತೆಗೆದು ಮೂಸಿ ನೋಡಿ ತೊಳೆಯುತ್ತಿದ್ದಳು.

ಮೂರನೇ ವಾರ ಬಾಗಿಲು ಬಡಿದ ಸದ್ದು. ಹೊರಗೆ ಶೀನಣ್ಣ. ನಮ್ಮ ಸೈಟಿನ ಕ್ರೇನ್ ಆಪರೇಟರ್, ಪುತ್ತೂರಿನ ಕಡೆಯವರು. ಪಕ್ಕದ ನೆರಳಿನ ಶೆಡ್ಡಿನಲ್ಲೇ ಮಧ್ಯಾಹ್ನ ಮಲಗುತ್ತಿದ್ದರು. ನಿದ್ದೆ ಕೆಟ್ಟಿತೇನೋ ಎಂದು ಕ್ಷಮೆ ಕೇಳಹೊರಟೆ.

"ನಿದ್ರೆ ಹಾಳಾಗಿ ಹೋಗ್ಲಿ ಮಾರಾಯ್ರೇ. ನನ್ನ ಅಪ್ಪ ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್ ಊದ್ತಿದ್ದವರು, ಈ ವರ್ಣ ನನಗೆ ಬಾಯಿಪಾಠ. ನೀವು ಕೊನೆಗೆ ಬರುವಾಗ ಓಡ್ತೀರಿ. ನಿಮ್ಮನ್ನು ಯಾರು ಅಟ್ಟಿಸಿಕೊಂಡು ಬರ್ತಾರೆ?"

"ಬೇಗ ಮುಗಿಸಿಬಿಡೋಣ ಅಂತ" ಎಂದೆ.

"ಭಾರ ಎತ್ತುವುದು ಯಾರಿಗೂ ಬರ್ತದೆ ಸಾರ್. ಇಳಿಸುವಾಗ ಕೊನೆಯ ಒಂದು ಅಡಿ ಉಂಟಲ್ಲ, ಅಲ್ಲಿ ಅವಸರ ಮಾಡಿದವನು ಕೆಟ್ಟ."

ಅಂದಿನಿಂದ ಅವರು ಹೊರಗೆ ಶೆಡ್ಡಿನ ನೆರಳಲ್ಲಿ ಕ್ಯಾಬಿನ್ನಿನ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ತಪ್ಪಿದರೆ ತಗಡಿನ ಮೇಲೆ ಬೆರಳಿಂದ ಟಕ್ ಎನಿಸುತ್ತಿದ್ದರು. ಆ ವರ್ಷದ ಬೇಸಿಗೆಯಲ್ಲಿ ನಾನು ಕೇಳಿದಷ್ಟು ಟಕ್ಕುಗಳನ್ನು ಮೇಷ್ಟ್ರ ಹತ್ತಿರವೂ ಕೇಳಿರಲಿಲ್ಲ. ಸಿನಿಮಾದ ಮುದುಕನನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಅವನು ಗೂಡು ಸೇರಿದ್ದು ಚೆನ್ನಾಗಿ ನುಡಿಸಲು ಬಂದ ಮೇಲೆ. ನಾನು ಸೇರಿದ್ದು ಬಾರದೇ ಇದ್ದದ್ದಕ್ಕೆ.

ಸೆಪ್ಟೆಂಬರಿನಲ್ಲಿ ಆದೇಶ ಬಂತು. ವಿಶ್ವಕಪ್ಪಿಗೆ ಜನ ಬರುವ ಮೊದಲು ಸೈಟು ಚೊಕ್ಕಟವಾಗಬೇಕು, ಕ್ಯಾಬಿನ್ನುಗಳೆಲ್ಲ ಗುರುವಾರ ಹೋಗಬೇಕು. ಬುಧವಾರ ನುಡಿಸಿದೆ. ಕೊನೆಯ ಸ್ವರಗಳಲ್ಲಿ ಮತ್ತೆ ಎಡವಿದೆ. ಹೊರಗಿನಿಂದ ಟಕ್ ಕೂಡ ಬರಲಿಲ್ಲ. ಅಳು ಬಂದಂತಾಯಿತು, ಐವತ್ತು ವರ್ಷದ ಗಂಡಸು ಎಂಬುದು ನೆನಪಾಗಿ ಸುಮ್ಮನಾದೆ.

ಮರುದಿನ ಬೆಳಿಗ್ಗೆ ಕ್ಯಾಬಿನ್ ಎತ್ತಿದವರು ಶೀನಣ್ಣನೇ. ಅದು ಮೇಲೇರಿದ್ದು ಸಲೀಸು. ಲಾರಿಯ ನೇರಕ್ಕೆ ಗಾಳಿಯಲ್ಲಿ ಬಂದು ನಿಂತ ಮೇಲೆ ಮಾತ್ರ ಅವರು ಇಳಿಸಿದ ರೀತಿ ಬೇರೆ. ಕೆಳಗೆ ಯಾರೋ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಿದ್ದರು. ಶೀನಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಒಂದು ಅಡಿಗೆ ಅವರು ತೆಗೆದುಕೊಂಡ ಹೊತ್ತನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸದ್ದೇ ಇಲ್ಲದೆ ಕೂತಿತು. ಕೆಳಗಿಳಿದು ಬಂದು, "ಮನೆಯಲ್ಲಿ ಬಾರಿಸಿ ಸಾರ್. ಇನ್ನು ಬೇರೆ ಜಾಗ ಇಲ್ಲ" ಅಂದರು.

ಶುಕ್ರವಾರ ಬಿನ್ ಒಮ್ರಾನ್‌ನ ನಮ್ಮ ಫ್ಲ್ಯಾಟಿನಲ್ಲಿ ಸುಮಾ ಸೋಫಾದ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದಳು. ಕಾರಿನ ಡಿಕ್ಕಿಯಿಂದ ಪಿಟೀಲು ತಂದು, ಅವಳ ಎದುರು ನೆಲದ ಮೇಲೆ ಕೂತೆ. ಅವಳು ಪಿಟೀಲನ್ನು ನೋಡಿದಳು, ನನ್ನನ್ನು ನೋಡಿದಳು. ನುಡಿಸಿದೆ. ನಾನು ಎಡವುವ ಚರಣ ಬಂತು. ಕ್ಯಾಬಿನ್ ಕೂತ ರೀತಿ ನೆನಪು ಮಾಡಿಕೊಂಡೆ. ಓಡಲಿಲ್ಲ. ಎರಡು ಕಡೆ ಸ್ವರ ಸೊಟ್ಟಗಾಯಿತು, ಆದರೆ ನಿಲ್ಲಿಸಲಿಲ್ಲ. ಹದಿಮೂರನೆಯ ವಯಸ್ಸಿನಿಂದ ನನಗಾಗಿ ಕೂತಿದ್ದ ಕೊನೆಯ ಸ್ವರವನ್ನು ಮುಟ್ಟಿ ಕಮಾನು ಇಳಿಸಿದೆ.

ಸುಮಾ ಕಾಯಿ ಮುರಿಯುವುದನ್ನು ನಿಲ್ಲಿಸಿದ್ದಳು.

"ಎಲ್ಲಿ ಕಲಿತ್ರಿ?"

"ಸೈಟಲ್ಲಿ. ಊಟದ ಹೊತ್ತಲ್ಲಿ."

ಕೈಯಲ್ಲಿದ್ದ ಹುರುಳಿಕಾಯಿ ಬಟ್ಟಲಿಗೆ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಾಗಿದ್ರೆ ನನ್ನ ಹುಳಿ ಚೆನ್ನಾಗೇ ಇತ್ತು" ಅಂದಳು. "ನಾಲ್ಕು ತಿಂಗಳಿಂದ ಬೇಳೆ ಬದಲಾಯಿಸ್ತಾ ಇದ್ದೀನಿ, ಪುಡಿ ಬದಲಾಯಿಸ್ತಾ ಇದ್ದೀನಿ."

ಈ ಮನೆಯಲ್ಲಿ ಗುಟ್ಟಾಗಿ ಸಾಧನೆ ಮಾಡುತ್ತಿದ್ದವನು ನಾನೊಬ್ಬನೇ ಅಲ್ಲ ಎಂದು ಆಗ ಗೊತ್ತಾಯಿತು. ಮತ್ತೆ ಕಮಾನು ಎತ್ತಿಕೊಂಡೆ.

"ಮೊದಲು ಊಟ" ಅಂದಳು.